ಹುಂಜ ಕದ್ದ ಅಜ್ಜಿಯ ಮಾತು ನಿಜವಾದರೆ

ಪುಣೆಯ ಸಿಂಹಗಡ ರಸ್ತೆಯ ಅಪಾರ್ಟ್‌ಮೆಂಟೊಂದರ ಐದನೇ ಮಹಡಿಯಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಧಾರವಾಡದ ಮನೆಗೆ ಬೀಗ ಹಾಕಿ ಮಗನ ಜೊತೆ ಹೊರಟುಬಂದು ಆರು ವರ್ಷವಾಯಿತು. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹಿಂಜವಡಿಯ ಕಡೆ ಹೊರಟರೆ ತಿರುಗಿ ಮನೆ ಸೇರುವುದು ರಾತ್ರಿಗೆ. ಅಷ್ಟು ಹೊತ್ತು ಅತ್ತೆಗೆ ಜೊತೆ ಅಂದರೆ ಟಿ.ವಿ. ಪಕ್ಕದಲ್ಲಿ ಕೂತಿರುವ, ತೆಂಗಿನಕಾಯಿ ಗಾತ್ರದ ಒಂದು ಮಾತಾಡುವ ಡಬ್ಬಿ. ಹೊತ್ತೆಷ್ಟು ಅಂದರೆ ಹೇಳುತ್ತದೆ, ಭೀಮಸೇನ ಜೋಶಿಯವರನ್ನು ಹಾಕು ಅಂದರೆ ಹಾಕುತ್ತದೆ, ಮಾತ್ರೆಯ ಹೊತ್ತಿಗೆ ನೆನಪು ಮಾಡುತ್ತದೆ. ಅದಕ್ಕೆ ಕನ್ನಡ ಬರುವುದಿಲ್ಲ. ಅತ್ತೆ ಅದರ ಜೊತೆ ಹಿಂದಿಗೆ ಅಷ್ಟಿಷ್ಟು ಮರಾಠಿ ಬೆರೆಸಿ ಮಾತಾಡುತ್ತಾರೆ. ಸಿಟ್ಟು ಬಂದರೆ ಮಾತ್ರ ಕನ್ನಡ.

ಹೋದ ಸಲ ಅಲ್ಲಿ ಉಳಿದುಕೊಂಡಿದ್ದೆ. ರಾತ್ರಿ ಊಟ ಮುಗಿದ ಮೇಲೆ ಅತ್ತೆ ಕಪಾಟಿನಿಂದ ಗುಳೇದಗುಡ್ಡದ ಖಣದ ತುಂಡೊಂದನ್ನು ತಂದು ಡಬ್ಬಿಯ ಮೇಲೆ ಹೊದಿಸಿದರು. ಧೂಳಿಗೆ ಇರಬೇಕು ಅಂದುಕೊಂಡೆ.

‘ಇದನ್ನ ಯಾಕ ಮುಚ್ಚೀರಿ ಅತ್ತಿ?’

‘ಮುಂಜಾನಿಂದ ಕರದಾಗೊಮ್ಮೆ ಓ ಅಂತದ. ರಾತ್ರಿಯರ ಮಲಕ್ಕೊಳ್ಳಲಿ.’

ಹೇಳುವಾಗ ನಗಲಿಲ್ಲ. ತಾವು ಹೇಳಿದ್ದಕ್ಕೆ ಸಮಜಾಯಿಷಿಯನ್ನೂ ಕೊಡಲಿಲ್ಲ. ಖಣದ ಅಂಚನ್ನು ಕೆಳಗಿನವರೆಗೆ ಎಳೆದು ಸರಿಮಾಡಿ, ಲೈಟು ಆರಿಸಿ ಒಳಗೆ ಹೋದರು. ಕತ್ತಲಲ್ಲಿ ಖಣದ ನೇಯ್ಗೆಯ ಸಂದಿನಿಂದ ಡಬ್ಬಿಯ ನೀಲಿ ದೀಪ ಸಣ್ಣಗೆ ಕಾಣುತ್ತಿತ್ತು.

ಈ ಅತ್ತೆಯೇ ನನಗೆ ಚಿಕ್ಕಂದಿನಲ್ಲಿ ಹುಂಜದ ಮುದುಕಿಯ ಕಥೆ ಹೇಳಿದವರು. ನಿಮಗೂ ಯಾರಾದರೂ ಹೇಳಿರುತ್ತಾರೆ. ಒಂದೂರಲ್ಲಿ ಒಬ್ಬ ಮುದುಕಿ, ಅವಳ ಹತ್ತಿರ ಒಂದು ಹುಂಜ. ಹುಂಜ ಕೂಗುತ್ತದೆ, ಬೆಳಗಾಗುತ್ತದೆ. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಅಂತ ಮುದುಕಿ ತಿಳಿದಿದ್ದಾಳೆ. ಒಂದು ದಿನ ಊರವರ ಮೇಲೆ ಮುನಿಸಿಕೊಂಡು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡಿಗೆ ಹೋಗಿ ಕೂರುತ್ತಾಳೆ. ಊರಿಗೇನೂ ಆಗುವುದಿಲ್ಲ, ಸೂರ್ಯ ತನ್ನ ಪಾಡಿಗೆ ತಾನು ಹುಟ್ಟುತ್ತಾನೆ. ಕಥೆ ಮುಗಿಯಿತು. ತಾನಿಲ್ಲದಿದ್ದರೆ ಯಾವ ಕೆಲಸವೂ ನಡೆಯದು ಅಂದುಕೊಂಡವರಿಗೆ ಇವತ್ತಿಗೂ ಈ ಮುದುಕಿಯ ಕೋಳಿಯನ್ನೇ ನೆನಪಿಸುತ್ತೇವೆ. ಕಥೆ ನಮಗೆ ಕಲಿಸಿದ್ದು ಮುದುಕಿಯನ್ನು ನೋಡಿ ನಗುವುದನ್ನು.

2024ರ ಮೇ 23ರಂದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಈ ಮುದುಕಿಗೆ ಇನ್ನೊಂದು ಗತಿ ಸಿಕ್ಕಿತು. ಪುಣೆಯ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿ, ಮೈಸೂರಿನ ಚಿದಾನಂದ ಎಸ್. ನಾಯ್ಕ ಮಾಡಿದ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರಕ್ಕೆ ಅಲ್ಲಿನ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಬಂತು. ಸೂರ್ಯಕಾಂತಿಗಳಿಗೇ ಮೊದಲು ಗೊತ್ತಾಗಿದ್ದು ಅಂತ ಆ ಹೆಸರಿನ ಅರ್ಥ. ಲಾ ಸಿನೆಫ್ ಇರುವುದೇ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗಾಗಿ. ಆ ವರ್ಷ ಜಗತ್ತಿನ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು, ಆಯ್ಕೆಯಾದದ್ದು 18. ಅದರಲ್ಲಿ ಒಂದನೆಯದು ಸುಮಾರು 16 ನಿಮಿಷದ ಈ ಚಿತ್ರ. ಬಹುಮಾನದ ಮೊತ್ತ 15,000 ಯೂರೊ.

ಚಿತ್ರದಲ್ಲಿ ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಮತ್ತೆ ಬೆಳಗಾಗುವುದಿಲ್ಲ. ಊರು ಕತ್ತಲಲ್ಲಿ ಮುಳುಗಿ ದಿಕ್ಕೆಡುತ್ತದೆ. ಹುಂಜ ತಿರುಗಿ ಬರಬೇಕೆಂದು ಭವಿಷ್ಯವಾಣಿಯೊಂದರ ಮೊರೆಹೋಗುತ್ತಾರೆ, ಅದರಂತೆ ಅಜ್ಜಿಯ ಮನೆಮಂದಿ ಊರು ಬಿಟ್ಟು ಹೋಗಬೇಕಾಗುತ್ತದೆ.

ಮುಖ್ಯವಾಗಿ ಬದಲಾದದ್ದು ಒಂದೇ ಸಂಗತಿ: ಅಜ್ಜಿಯ ಮಾತು ನಿಜವಾಯಿತು. ಆದರೆ ಅದೊಂದು ಬದಲಾದದ್ದೇ ತಡ, ನಗೆಯ ಕಥೆ ವಿಜ್ಞಾನ ಕಥೆಯ ಅಂಗಳಕ್ಕೆ ಬಂದು ನಿಂತುಬಿಡುತ್ತದೆ. ಪತ್ರಿಕೆಗಳು ಇದನ್ನು ಜಾನಪದ ಕಥೆಯ ಚಿತ್ರ ಅಂತ ಬರೆದವು, ಅದು ಸರಿಯೇ. ಆದರೆ ವಿಜ್ಞಾನ ಕಥೆಯ ಕಸುಬು ಬಲ್ಲವರು ಇದನ್ನು ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ. ಆಗದ ಒಂದು ಸಂಗತಿಯನ್ನು ಆಗಿದೆ ಅಂತ ಹಿಡಿ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇದ್ದಂತೆಯೇ ಇರಲಿ. ಆಮೇಲೆ ಮನೆಯಲ್ಲಿ, ಊರಲ್ಲಿ, ಜನರ ನಡುವೆ ಏನೇನಾಗುತ್ತದೆ ಅಂತ ಬಿಡದೆ ನೋಡು. ರಾಕೆಟ್ಟು, ಯಂತ್ರಮಾನವ, ಗಾಜಿನ ನಗರ ಇವೆಲ್ಲ ಆಮೇಲಿನ ಮಾತು. ಯಾರೂ ನಂಬದ ಒಬ್ಬರ ಮಾತನ್ನು ನಂಬಿ ಕೊನೆಯವರೆಗೂ ಹೋಗುವುದು ಮೊದಲ ಕೆಲಸ. ಸೂರ್ಯನಿಲ್ಲದ ಊರಲ್ಲಿ ಜನ ಮೊದಲು ಹುಡುಕುವುದು ತಪ್ಪಿತಸ್ಥರನ್ನು, ಆಮೇಲೆ ಅವರ ಮನೆಯವರನ್ನು. ಅಜ್ಜಿಯ ಕಳವಿಗೆ ಶಿಕ್ಷೆ ಮನೆಮಂದಿಗೆಲ್ಲ. ಇದು ನಮ್ಮ ಊರುಗಳಿಗೆ ಎಷ್ಟು ಚೆನ್ನಾಗಿ ಗೊತ್ತಿರುವ ನ್ಯಾಯ!

ಇಲ್ಲಿ ನನಗೆ ತುಂಬ ಹಿಡಿಸಿದ ಇನ್ನೊಂದು ಮಾತಿದೆ. ಚಿದಾನಂದ ಡಾಕ್ಟರು. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ ಆಮೇಲೆ ಪುಣೆಗೆ ಹೋದವರು. ಅವರು ಆರಿಸಿಕೊಂಡ ಹುಂಜ ಮತ್ತು ಸೂರ್ಯಕಾಂತಿ ಎರಡೂ ಜೀವವಿಜ್ಞಾನಿಗಳಿಗೆ ಪ್ರೀತಿಯ ವಸ್ತುಗಳು. 2013ರಲ್ಲಿ ಜಪಾನಿನ ನಗೋಯ ವಿಶ್ವವಿದ್ಯಾಲಯದವರು ಹುಂಜಗಳನ್ನು ಹಗಲು ರಾತ್ರಿ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟು ನೋಡಿದರು. ಸೂರ್ಯನ ಸುಳಿವೇ ಇಲ್ಲದಿದ್ದರೂ ಅವು ಬೆಳಗಿನ ಜಾವದ ಲೆಕ್ಕ ಹಿಡಿದು ಕೂಗುತ್ತಲೇ ಇದ್ದವು. ಗಡಿಯಾರ ಇದ್ದದ್ದು ಹುಂಜದ ಒಳಗೆ. ಗುಂಪಿನ ಯಜಮಾನ ಹುಂಜ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸರದಿಗೆ ಕಾಯುತ್ತವೆ ಎಂಬುದನ್ನೂ ಅವರು ಮುಂದೆ ಕಂಡುಕೊಂಡರು. ಸೂರ್ಯಕಾಂತಿಯದು ಇನ್ನೂ ಸೊಗಸು. ಎಳೆಯ ಗಿಡ ಹಗಲೆಲ್ಲ ಸೂರ್ಯನ ಹಿಂದೆ ಪಡುವಣಕ್ಕೆ ತಿರುಗುತ್ತದೆ. ಹಗಲಲ್ಲಿ ಕಾಂಡದ ಮೂಡಣ ಮಗ್ಗುಲು ಹೆಚ್ಚು ಬೆಳೆಯುತ್ತದೆ, ರಾತ್ರಿ ಪಡುವಣ ಮಗ್ಗುಲು. ಹಾಗಾಗಿ ಕತ್ತಲಲ್ಲೇ ಮೆಲ್ಲಗೆ ತಿರುಗಿ, ಸೂರ್ಯ ಬರುವ ಮೊದಲೇ ಮೂಡಣಕ್ಕೆ ಮುಖ ಮಾಡಿ ನಿಂತಿರುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2016ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸೂರ್ಯಕಾಂತಿಗಳಿಗೇ ಮೊದಲು ಗೊತ್ತಾಗುತ್ತದೆ ಎಂಬುದು ಬರೀ ಚಂದದ ಹೆಸರಲ್ಲ, ಹೊಲದಲ್ಲಿ ದಿನಾ ನಡೆಯುವ ಸಂಗತಿ. ಹುಂಜ ಸೂರ್ಯನನ್ನು ಕರೆತರುವುದಿಲ್ಲ ನಿಜ, ಆದರೆ ಸೂರ್ಯನಿಲ್ಲದೆಯೂ ಅದರೊಳಗೆ ಒಂದು ಬೆಳಗು ಇದೆ. ಕಥೆಯ ಮುದುಕಿ ನಾವು ನಕ್ಕಷ್ಟು ದಡ್ಡಳೇನಲ್ಲ.

ಮರುದಿನ ಲಾ ಕಾಲೇಜ್ ರಸ್ತೆಗೆ ಹೋದೆ. ಚಿದಾನಂದ ಓದಿದ ಇನ್‌ಸ್ಟಿಟ್ಯೂಟು ಇರುವುದು ಅಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೊದ ಜಾಗದಲ್ಲಿ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿ. ಶಾಂತಾರಾಮ್ ಹುಡುಗನಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು, ಅಲ್ಲಿಯ ತಗಡಿನ ಟಾಕೀಸಿನಲ್ಲಿ ಸಿನಿಮಾದ ರುಚಿ ಹತ್ತಿಸಿಕೊಂಡವರು. 1960ರಲ್ಲಿ ಅದೇ ಆವರಣದಲ್ಲಿ ಸರ್ಕಾರ ಸಿನಿಮಾ ಶಾಲೆ ತೆರೆಯಿತು. ಕನ್ನಡಕ್ಕೂ ಈ ಆವರಣಕ್ಕೂ ಹಳೆಯ ನಂಟು. ಗಿರೀಶ ಕಾಸರವಳ್ಳಿ ಫಾರ್ಮಸಿ ಪದವಿ ಮುಗಿಸಿ ಇಲ್ಲಿಗೆ ಬಂದರು, 1975ರಲ್ಲಿ ಡಿಪ್ಲೊಮಾಕ್ಕೆಂದು ಮಾಡಿದ ‘ಅವಶೇಷ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಎರಡೇ ವರ್ಷಕ್ಕೆ ‘ಘಟಶ್ರಾದ್ಧ’ ಮಾಡಿದರು. ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲೇ, 1974–75ರಲ್ಲಿ, ನಿರ್ದೇಶಕರ ಕುರ್ಚಿಯಲ್ಲಿ ಗಿರೀಶ ಕಾರ್ನಾಡರಿದ್ದರು. ಔಷಧಿ ಓದಿದವರು ಆಗ ಬಂದರು, ಔಷಧಿ ಬರೆಯುವವರು ಈಗ.

ಚಿದಾನಂದ ಓದಿದ್ದು ಮೂರು ವರ್ಷದ ಸಿನಿಮಾ ಕೋರ್ಸೂ ಅಲ್ಲ, ಒಂದೇ ವರ್ಷದ ಟೆಲಿವಿಷನ್ ಕೋರ್ಸು. ವರ್ಷದ ಕೊನೆಗೆ ನಿರ್ದೇಶನ, ಕ್ಯಾಮೆರಾ, ಸಂಕಲನ, ಧ್ವನಿ ಈ ನಾಲ್ಕು ವಿಭಾಗದ ವಿದ್ಯಾರ್ಥಿಗಳು ಸೇರಿ ಒಂದು ಚಿತ್ರ ಮಾಡಬೇಕು. ಸೂರಜ್ ಠಾಕೂರ್ ಕ್ಯಾಮೆರಾ ಹಿಡಿದರು, ಮನೋಜ್ ವಿ. ಸಂಕಲನ ಮಾಡಿದರು, ಅಭಿಷೇಕ್ ಕದಂ ಧ್ವನಿ ನೋಡಿಕೊಂಡರು. ಚಿತ್ರೀಕರಣ ನಾಲ್ಕು ದಿನ. ಒಂದು ವರ್ಷದ ಕೋರ್ಸಿನ ಚಿತ್ರವೊಂದು ಕಾನ್‌ಗೆ ಹೋಗಿ ಬಹುಮಾನ ತಂದದ್ದು ಅದೇ ಮೊದಲು. ಇದೇ ಶಾಲೆಯ ಅಶ್ಮಿತಾ ಗುಹಾ ನಿಯೋಗಿಯವರ ‘ಕ್ಯಾಟ್‌ಡಾಗ್’ 2020ರಲ್ಲಿ ಇದೇ ಬಹುಮಾನ ಪಡೆದಿತ್ತು. 2024ರಲ್ಲೇ, ಅದೇ ಕಾನ್‌ನಲ್ಲಿ, ಇಲ್ಲಿ ಓದಿದ ಪಾಯಲ್ ಕಪಾಡಿಯಾ ಗ್ರ್ಯಾನ್ ಪ್ರಿ ಪಡೆದರು.

ಆವರಣದ ನಡುವೆ ಒಂದು ಮಾವಿನಮರವಿದೆ. ಅದಕ್ಕೆ ಎಲ್ಲರೂ ‘ವಿಸ್ಡಮ್ ಟ್ರೀ’ ಅನ್ನುತ್ತಾರೆ. ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಅದರ ಕೆಳಗೆ ಕೂತು ಕಲಿತದ್ದೇ ಹೆಚ್ಚು ಅನ್ನುವ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. 1960ರ ದಶಕದ ನಡುವಿನಲ್ಲಿ ಇಲ್ಲಿ ಪಾಠ ಹೇಳಿದವರು ಋತ್ವಿಕ್ ಘಟಕ್. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಅವರ ಶಿಷ್ಯರು. ಕೃತಕ ಜೀವ ಮತ್ತು ಕುಟುಂಬ ಎಂಬ ವಿಷಯದ ಮೇಲೆ ನಮ್ಮ ದೇಶದಲ್ಲಿ ಬಂದ ಮೊದಲ ದೊಡ್ಡ ಚಿತ್ರ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಘಟಕರ ಹೆಸರು ಹೇಳುತ್ತೇನೆ. 1958ರ ‘ಅಜಾಂತ್ರಿಕ್’ನಲ್ಲಿ ಯಂತ್ರಮಾನವ ಇಲ್ಲ. ಇರುವುದು ಬಿಮಲ್ ಎಂಬ ಒಂಟಿ ಟ್ಯಾಕ್ಸಿ ಡ್ರೈವರು ಮತ್ತು ಅವನ ಲಡಕಾಸಿ ಕಾರು. ಕಾರಿಗೆ ಜಗದ್ದಲ ಅಂತ ಹೆಸರು. ಬಿಮಲ್‌ಗೆ ಹೆಂಡತಿ ಮಕ್ಕಳಿಲ್ಲ, ಜಗದ್ದಲನೇ ಮನೆಯವನು. ಅವನು ರೇಡಿಯೇಟರಿಗೆ ನೀರು ಸುರಿದರೆ ಬಾಯಾರಿದ ಜೀವ ಗಟಗಟ ಕುಡಿದ ಸದ್ದು ಕೇಳುತ್ತದೆ. ಊರಿಗೆ ಅವನು ಹುಚ್ಚ. ಘಟಕರು ಮಾತ್ರ ಹುಚ್ಚನ ಮಾತನ್ನೇ ಹಿಡಿದರು, ಕಾರಿಗೆ ಸದ್ದು ಕೊಟ್ಟರು, ಮುನಿಸು ಕೊಟ್ಟರು, ಮತ್ಸರವನ್ನೂ ಕೊಟ್ಟರು. ಕೊನೆಗೆ ಕಾರು ಗುಜರಿಗೆ ಹೋಗುತ್ತದೆ. ಉಳಿದುಹೋದ ಹಾರ್ನನ್ನು ಮಗುವೊಂದು ಒತ್ತಿ ಆಡುತ್ತದೆ, ಅದನ್ನು ಕೇಳಿ ಬಿಮಲ್ ಅಳುತ್ತಲೇ ನಗುತ್ತಾನೆ.

ನಾನು ಆ ಕೊನೆಯನ್ನು ಮೊದಲ ಸಲ ನೋಡಿದಾಗ ನೆನಪಾದದ್ದು ನಮ್ಮ ಮನೆಯ ಚೇತಕ್ ಸ್ಕೂಟರು. ಅದೂ ಪುಣೆಯದೇ. ಬಜಾಜ್ ಕಂಪನಿ ಆಕುರ್ಡಿಯ ಕಾರ್ಖಾನೆಯಲ್ಲಿ 1972ರಿಂದ ಮಾಡಿದ, ಬುಕ್ ಮಾಡಿ ವರ್ಷಗಟ್ಟಲೆ ಕಾದರೆ ಮನೆಗೆ ಬರುತ್ತಿದ್ದ ಸ್ಕೂಟರು. ಹೆಸರು ರಾಣಾ ಪ್ರತಾಪನ ಕುದುರೆಯದು. ಯಂತ್ರಕ್ಕೆ ಒಂದು ಜೀವದ ಹೆಸರಿಟ್ಟು ನಮ್ಮ ಮನೆಗಳಿಗೆ ಕಳಿಸಿದ್ದರು, ನಾವೂ ಹಾಗೇ ಬರಮಾಡಿಕೊಂಡೆವು. ಮುಂದೆ ತಂಗಿ ನಿಲ್ಲುತ್ತಿದ್ದಳು, ಅಪ್ಪ, ನಡುವೆ ನಾನು, ಹಿಂದೆ ಅವ್ವ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ. ಅಪ್ಪ ನಿವೃತ್ತರಾದ ಮೇಲೆ ಅದನ್ನು ಕೊಟ್ಟುಬಿಟ್ಟರು. ಕೊಳ್ಳಲು ಬಂದವನು ಕಿಕ್ ಹೊಡೆಯುವ ಮೊದಲು ಅವ್ವ ‘ಸ್ವಲ್ಪ ತಡೀರಿ’ ಅಂತ ಒಳಗೆ ಹೋಗಿ ಕುಂಕುಮ ತಂದು ಹೆಡ್‌ಲೈಟಿನ ಮೇಲೆ ಇಟ್ಟರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಹಾಗೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ವಿಚಿತ್ರ ಅಂದುಕೊಳ್ಳಲಿಲ್ಲ.

ಕೃತಕ ಜೀವದ ಚರ್ಚೆ ಬಂದಾಗಲೆಲ್ಲ ನಾವು ಪರದೇಶದ ಪುಸ್ತಕಗಳಿಂದ ಶುರುಮಾಡುತ್ತೇವೆ. 1818ರ ‘ಫ್ರಾಂಕೆನ್‌ಸ್ಟೈನ್’, 1920ರಲ್ಲಿ ಕಾರೆಲ್ ಚಾಪೆಕ್ ಬರೆದ, ರೋಬೊ ಅನ್ನುವ ಪದವನ್ನು ಲೋಕಕ್ಕೆ ಕೊಟ್ಟ ನಾಟಕ. ಅದರ ಮೂಲ ಚೆಕ್ ಪದಕ್ಕೆ ಬಿಟ್ಟಿ ಚಾಕರಿ ಅಂತ ಅರ್ಥ. ಆ ಕಥೆಗಳಲ್ಲಿ ಮಾಡಿದವನು ಯಜಮಾನ, ಮಾಡಲ್ಪಟ್ಟದ್ದು ಆಳು, ಆಮೇಲೆ ಆಳಿನ ದಂಗೆ. ಅವು ದೊಡ್ಡ ಕೃತಿಗಳೇ. ಆದರೆ ಪುಣೆಯಲ್ಲಿ ಕೂತು ಈ ವಿಷಯ ಯೋಚಿಸುವವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇದು ಗಣಪತಿಯ ಊರು. 1893ರಲ್ಲಿ ಲೋಕಮಾನ್ಯ ತಿಲಕರು ಸಾರ್ವಜನಿಕ ಉತ್ಸವಕ್ಕೆ ಚಾಲನೆ ಕೊಟ್ಟ ಊರು.

ಗಣಪತಿಯ ಕಥೆ ಏನು? ತಾಯೊಬ್ಬಳು ಮನೆಯಲ್ಲಿ ಒಬ್ಬಳೇ ಇದ್ದಾಳೆ. ಗಂಡ ಯಾವಾಗ ಬರುತ್ತಾನೋ ಗೊತ್ತಿಲ್ಲ. ತನ್ನದು ಅನ್ನುವ ಒಬ್ಬರು ಬೇಕು. ಮೈಗೆ ಪೂಸಿದ್ದ ಅರಿಸಿನದ ಲೇಪ ತೆಗೆದು ಹುಡುಗನ ಗೊಂಬೆ ಮಾಡುತ್ತಾಳೆ, ಜೀವ ಕೊಡುತ್ತಾಳೆ, ಬಾಗಿಲಲ್ಲಿ ನಿಲ್ಲಿಸುತ್ತಾಳೆ. ಹೇಳಿದ ಮಾತನ್ನು ಹುಡುಗ ಅಕ್ಷರಶಃ ಪಾಲಿಸುತ್ತಾನೆ, ಅಪ್ಪನನ್ನೂ ಒಳಗೆ ಬಿಡುವುದಿಲ್ಲ. ಅಪ್ಪನಿಗೆ ಅವನು ತನ್ನ ಮಗ ಎಂಬುದೇ ಗೊತ್ತಿಲ್ಲ. ತಲೆ ಹೋಗುತ್ತದೆ, ತಾಯಿ ಅಬ್ಬರಿಸುತ್ತಾಳೆ, ಬೇರೆ ತಲೆ ಜೋಡಿಸುತ್ತಾರೆ. ಮುಖ್ಯವಾದದ್ದು ಅದಾದ ಮೇಲಿನದು. ಅಪ್ಪ ಆ ಮಗುವನ್ನು ತನ್ನ ಮಗನೆಂದು ಒಪ್ಪಿಕೊಂಡು ಗಣಗಳಿಗೆ ಒಡೆಯನನ್ನಾಗಿ ಮಾಡುತ್ತಾನೆ. ಮಾಡಿದ ಜೀವ ಮನೆಯ ಮಗನಾಗುವುದು ಹೇಗೆ, ಅದಕ್ಕೆ ಮನೆಯವರು ಯಾವ ಬೆಲೆ ಕೊಡಬೇಕು ಎಂಬುದನ್ನು ಈ ಕಥೆಯಷ್ಟು ಬಿಚ್ಚಿ ಹೇಳಿದ್ದು ನನಗೆ ಗೊತ್ತಿಲ್ಲ. ಇನ್ನು ಪ್ರತಿ ಭಾದ್ರಪದದಲ್ಲಿ ಮನೆಮನೆಗೂ ಮಣ್ಣಿನ ಮೂರ್ತಿ ಬರುತ್ತದೆ. ಪ್ರಾಣಪ್ರತಿಷ್ಠೆ ಆಗುವವರೆಗೆ ಅದು ಮಣ್ಣು, ಆದ ಮೇಲೆ ಮನೆಗೆ ಬಂದ ಮಗು. ಒಂದೂವರೆ ದಿನಕ್ಕೋ ಐದು ದಿನಕ್ಕೋ ಉತ್ತರಪೂಜೆ ಮಾಡಿ, ಮೂರ್ತಿಯನ್ನು ಕೂತಲ್ಲಿಂದ ಸ್ವಲ್ಪ ಕದಲಿಸುತ್ತಾರೆ. ಪ್ರಾಣ ಹೋಯಿತು, ಮತ್ತೆ ಮಣ್ಣು. ಹೊಳೆಗೆ ಹೋಗುವ ದಾರಿಯಲ್ಲಿ ದಾರಿಖರ್ಚಿಗೆ ಅಂತ ಬುತ್ತಿಯನ್ನೂ ಕಟ್ಟಿಕೊಡುತ್ತಾರೆ. ಜೀವ ತುಂಬುವುದನ್ನೂ ಬೀಳ್ಕೊಡುವುದನ್ನೂ ಇಷ್ಟು ಜತನದಿಂದ ಮಾಡುವ ಜನಕ್ಕೆ ಕೃತಕ ಜೀವದ ಕಥೆ ಹೊಸದೇ?

ಆದರೂ ಕನ್ನಡ ಸಿನಿಮಾ ಈ ಕಡೆ ಹೆಚ್ಚು ಬರಲಿಲ್ಲ. 2002ರಲ್ಲೇ ಉಪೇಂದ್ರ ಕಥೆ ಬರೆದು ನಟಿಸಿದ ‘ಹಾಲಿವುಡ್’ನಲ್ಲಿ ಒಬ್ಬ ಯಂತ್ರಮಾನವನಿದ್ದ. ತಮಿಳಿನ ‘ಎಂದಿರನ್’ ಬಂದದ್ದು ಅದಾಗಿ ಎಂಟು ವರ್ಷಕ್ಕೆ. ದಿನೇಶ್ ಬಾಬು ನಿರ್ದೇಶನದ ಆ ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಆದರೆ ಅದು ಪ್ರೇಮದ ಜಗಳ, ಮನೆಯ ಜಗಳವಲ್ಲ. ಕಾಸರಗೋಡಿನ ಪಕ್ಕದ ಪಯ್ಯನ್ನೂರಿನ ರತೀಶ್ ಬಾಲಕೃಷ್ಣನ್ ಪೊದುವಾಳ್ 2019ರಲ್ಲಿ ಮಲಯಾಳದಲ್ಲಿ ‘ಆಂಡ್ರಾಯ್ಡ್ ಕುಂಞಪ್ಪನ್’ ಮಾಡಿದರು. ಕೆಲಸಕ್ಕೆಂದು ದೂರ ಹೋದ ಮಗ ಹಳ್ಳಿಯ ಮುದಿ ಅಪ್ಪನ ಸೇವೆಗೆ ರೋಬೊ ಒಂದನ್ನು ತಂದು ಬಿಡುತ್ತಾನೆ. ಅಪ್ಪ ಅದಕ್ಕೆ ಬಟ್ಟೆ ತೊಡಿಸುತ್ತಾನೆ, ಅದನ್ನೇ ಮಗನೆಂದು ನೆಚ್ಚಿಕೊಳ್ಳುತ್ತಾನೆ. ಆ ಚಿತ್ರ ನೋಡುವಾಗಲೆಲ್ಲ ಇದು ಕನ್ನಡದಲ್ಲಿ ಆಗಬೇಕಿತ್ತು ಅನ್ನಿಸುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರಗಳಲ್ಲಿ ಬೀಗ ಹಾಕಿದ ಮನೆಗಳು ಎಷ್ಟು! ಬೀಗ ಹಾಕದೆ ಒಬ್ಬೊಬ್ಬರೇ ಕೂತಿರುವ ಮನೆಗಳು ಎಷ್ಟು!

ನಮ್ಮ ರಂಗಭೂಮಿ ಮಾತ್ರ ಒಂದು ಹೆಜ್ಜೆ ಮುಂದಿಟ್ಟಿತ್ತು. ಕಾರ್ನಾಡರ ‘ಒಡಕಲು ಬಿಂಬ’ 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಬಂತು. ಕನ್ನಡದಲ್ಲಿ ಬರೆಯುತ್ತಿದ್ದ ಮಂಜುಳಾ ನಾಯಕ್ ಒಂದು ಇಂಗ್ಲಿಷ್ ಕಾದಂಬರಿಯಿಂದ ಹೆಸರು ಮಾಡಿದ್ದಾಳೆ. ಟಿ.ವಿ. ಸ್ಟುಡಿಯೊದಲ್ಲಿ ಮಾತಾಡಿ ಮುಗಿಸಿ ಏಳುತ್ತಾಳೆ. ಪರದೆಯ ಮೇಲಿನ ಅವಳ ಬಿಂಬ ಮಾತ್ರ ಏಳುವುದಿಲ್ಲ. ಅಲ್ಲೇ ಉಳಿದು ಅವಳನ್ನು ಪ್ರಶ್ನೆ ಕೇಳತೊಡಗುತ್ತದೆ, ಗಾಲಿಕುರ್ಚಿಯಲ್ಲೇ ಬದುಕಿ ತೀರಿಹೋದ ತಂಗಿಯ ಬಗ್ಗೆ, ಗಂಡನ ಬಗ್ಗೆ, ಆ ಕಾದಂಬರಿ ನಿಜಕ್ಕೂ ಯಾರದು ಎಂಬುದರ ಬಗ್ಗೆ. ಅರುಂಧತಿ ನಾಗ್ ಒಬ್ಬರೇ ರಂಗದ ಮೇಲೂ ಪರದೆಯ ಮೇಲೂ ಇದ್ದರು. ಯಂತ್ರದಿಂದ ಎದ್ದ ಜೀವವೊಂದು ಮನೆಯ ಗುಟ್ಟನ್ನು ಮನೆಯವರಿಗೇ ಹೇಳುವ ಕಥೆ ಅದು. ತಮ್ಮದೇ ದನಿಯನ್ನು, ಮುಖವನ್ನು ಯಂತ್ರ ನಕಲು ಮಾಡುವುದನ್ನು ಇವತ್ತು ಮೊಬೈಲಿನಲ್ಲಿ ಕಂಡು ದಂಗಾಗಿರುವ ನಾವು ಅದನ್ನು ಇನ್ನೊಮ್ಮೆ ಆಡಿ ನೋಡಬೇಕು.

ಪುಣೆಗೂ ವಿಜ್ಞಾನ ಕಥೆಗೂ ಇರುವ ನಂಟನ್ನು ಮರೆಯುವಂತಿಲ್ಲ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಇದೇ ಊರಲ್ಲಿ ‘ಅಯುಕಾ’ ಎಂಬ ಖಗೋಳವಿಜ್ಞಾನ ಕೇಂದ್ರ ಕಟ್ಟಿದರು, 2025ರ ಮೇ 20ರಂದು ಇಲ್ಲೇ ತೀರಿಕೊಂಡರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ಬೇರೆ ಹೆಸರಲ್ಲಿ ಕಥೆ ಕಳಿಸಿದ್ದರು. ತಮ್ಮ ಹೆಸರಿನ ಭಾರ ಕಥೆಯ ಮೇಲೆ ಬೀಳಬಾರದು ಎಂಬ ಕಾಳಜಿ ಅದು. ಮೊದಲ ಬಹುಮಾನ ಬಂತು. ಮರಾಠಿ ಓದುಗರು ಆಮೇಲೆ ಅವರ ಕಥೆಗಳನ್ನು ಮನೆಯ ಮಾತಿನಷ್ಟು ಸಲೀಸಾಗಿ ಓದಿದರು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಗೆಂದೇ ಬರವಣಿಗೆ ಮುಡಿಪಿಟ್ಟರು. ಅವರ ಕಥೆಗಳು ಸಿನಿಮಾ ಶಾಲೆಯ ಹುಡುಗರ ಕೈಗೆ ಸಿಗಬೇಕು.

ಹಣದ ಮಾತು ಬಂದೇ ಬರುತ್ತದೆ. ವಿಜ್ಞಾನ ಕಥೆ ಅಂದರೆ ಕೋಟಿ ಬೇಕು, ಗ್ರಾಫಿಕ್ಸ್ ಬೇಕು ಅಂತ ನಮ್ಮಲ್ಲೊಂದು ನಂಬಿಕೆ. ನಾಗಪುರದ ಆರತಿ ಕದವ್ 2019ರಲ್ಲಿ ‘ಕಾರ್ಗೊ’ ಮಾಡಿದಾಗ ಸತ್ತವರನ್ನು ಮರುಜನ್ಮಕ್ಕೆ ಕಳಿಸುವ ರಾಕ್ಷಸನೊಬ್ಬನನ್ನು ಹಳೆಯ ಸರ್ಕಾರಿ ಕಚೇರಿಯಂಥ ಆಕಾಶನೌಕೆಯಲ್ಲಿ ಕೂರಿಸಿದರು. ಅಲ್ಲಿನ ಬೆರಗು ಬಂದದ್ದು ಆ ಗುಮಾಸ್ತನ ಒಂಟಿತನದಿಂದ, ನೌಕೆಯಿಂದಲ್ಲ. ಚಿದಾನಂದರ ಹುಂಜಕ್ಕೆ ಅದೂ ಬೇಕಾಗಲಿಲ್ಲ. ನಾಲ್ಕು ದಿನ, ನಾಲ್ಕು ವಿಭಾಗ, ಒಂದು ಪಕ್ಷಿ. ಕತ್ತಲೆಯೇ ಅವರ ಗ್ರಾಫಿಕ್ಸ್. ಬೆಳಗಾಗದ ಲೋಕವನ್ನು ತೋರಿಸಲು ರಾತ್ರಿ ಸಾಕು, ಮತ್ತು ಆ ರಾತ್ರಿ ಮುಗಿಯುವುದಿಲ್ಲ ಅಂತ ನೋಡುವವರು ನಂಬಬೇಕು. ಆ ನಂಬಿಕೆ ಹುಟ್ಟುವುದು ಅಜ್ಜಿಯ ಮುಖದಿಂದ, ಸದ್ದುಗಳಿಂದ, ಮನೆಮಂದಿ ನಡೆಯುವ ರೀತಿಯಿಂದ. ಅಜ್ಜಿಯರ ಮಾತನ್ನು ಹೀಗೆ ನಂಬಿದವರು ಹಿಂದೆಯೂ ಇದ್ದರು. ಎ.ಕೆ. ರಾಮಾನುಜನ್ 1958ರಲ್ಲಿ ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿ ಹೋದವರು. ಅಜ್ಜಿಯರು ಹೇಳಿದ ಕಥೆಗಳನ್ನು ಮಕ್ಕಳಾಟಿಕೆಯೆಂದು ತಳ್ಳದೆ ಒಂದೊಂದನ್ನೂ ಪೂರ್ತಿ ನಂಬಿ ಬರೆದುಕೊಂಡವರು ಅವರು. ಅವರು ಪುಟದ ಮೇಲೆ ಮಾಡಿದ ಕೆಲಸವನ್ನೇ ಈ ಹುಡುಗರು ಕ್ಯಾಮೆರಾ ಹಿಡಿದು ಮುಂದುವರಿಸಿದ್ದಾರೆ ಅಂತ ನನಗೆ ತೋರುತ್ತದೆ.

ಮುಂದಿನ ಚಿತ್ರ ಯಾರು ಮಾಡುತ್ತಾರೋ. ನನಗ್ಯಾವುದು ಬೇಕು ಅನ್ನುವುದು ಗೊತ್ತಿದೆ. ಮಗನ ಮನೆಯ ಐದನೇ ಮಹಡಿ, ಒಬ್ಬ ತಾಯಿ, ಅವಳ ಭಾಷೆ ತಿಳಿಯದ ಒಂದು ಡಬ್ಬಿ, ಒಂದು ಖಣ. ಅಮ್ಮನಿಗೆ ತಿಳಿವಳಿಕೆ ಇಲ್ಲ ಅಂತ ತೋರಿಸುವ ಚಿತ್ರ ಬೇಡ, ಅಂಥವು ಸಾಕಷ್ಟಾಗಿವೆ. ಅದೂ ಮಲಗಬೇಕು ಅನ್ನುವ ಅವರ ಮಾತು ನಿಜವಾದರೆ ಆ ಮನೆಯಲ್ಲಿ ಏನಾಗುತ್ತದೆ?

ಊರಿಗೆ ಹೊರಡುವ ದಿನ ಐದು ಗಂಟೆಗೇ ಎದ್ದೆ. ಅತ್ತೆ ನನಗಿಂತ ಮೊದಲೇ ಎದ್ದು, ಖಣ ತೆಗೆದು ಮಡಚಿಟ್ಟು, ಡಬ್ಬಿಯ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಅದು ದಿನಾ ಐದೂಕಾಲಿಗೆ ಸುಪ್ರಭಾತ ಹಾಕುವಂತೆ ಮಗ ಹೊಂದಿಸಿಟ್ಟಿದ್ದಾನೆ. ಇನ್ನೂ ಹತ್ತು ನಿಮಿಷವಿತ್ತು. ಚಹಾ ಕುಡಿಯುತ್ತ ಚಿದಾನಂದರ ಚಿತ್ರದ ಕಥೆ ಹೇಳಿದೆ. ನೀವು ಹೇಳುತ್ತಿದ್ದ ಕಥೆಯೇ ಅತ್ತಿ, ಆದರೆ ಇದರಲ್ಲಿ ಸೂರ್ಯ ಹುಟ್ಟುವುದೇ ಇಲ್ಲ ಅಂದೆ. ಊರವರು ಅಜ್ಜಿಯ ಮನೆಮಂದಿಯನ್ನು ಹೊರಗೆ ಕಳಿಸುತ್ತಾರೆ ಅಂದೆ. ಅತ್ತೆ ನಡುವೆ ಬಾಯಿ ಹಾಕದೆ ಕೇಳಿದರು. ಪ್ರಶಸ್ತಿಯ ಮಾತು ಹೇಳಿದಾಗ ‘ಮೈಸೂರ ಹುಡುಗನಾ?’ ಅಂತ ಖುಷಿಪಟ್ಟರು. ಆಮೇಲೆ ಬಟ್ಟಲು ಕೆಳಗಿಟ್ಟು ಬೇರೆಯದೇ ಒಂದನ್ನು ಕೇಳಿದರು.

‘ಅಷ್ಟು ದಿನ ಕತ್ತಲಿ ಇತ್ತಂದ್ರ, ಹುಂಜಕ್ಕ ಕಾಳು ಯಾರು ಹಾಕಿದ್ರಂತ?’